ಆಸ್ಪತ್ರೆಯ ಬಾಗಿಲಲ್ಲಿ ಸಾವಿನ ಲೆಕ್ಕ ತೂಗುಹಾಕಬೇಕೇ?

ಜಿಜ್ಞಾಸು:
ನೇರವಾಗಿ ಕೇಳಿಬಿಡುತ್ತೇನೆ. ಯಾವ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ಜನ ಸತ್ತರು, ಎಷ್ಟು ಜನರಿಗೆ ಸೋಂಕು ತಗುಲಿತು, ಡಿಸ್ಚಾರ್ಜ್ ಆದ ತಿಂಗಳೊಳಗೆ ಎಷ್ಟು ಜನ ಮತ್ತೆ ದಾಖಲಾದರು ಎಂಬುದನ್ನು ಪ್ರತಿ ಆಸ್ಪತ್ರೆಯೂ ವರ್ಷಕ್ಕೊಮ್ಮೆ ಪ್ರಕಟಿಸಲೇಬೇಕೆಂಬ ನಿಯಮ ಏಕಿರಬಾರದು? ಫ್ರಿಜ್ ಕೊಳ್ಳುವಾಗ ಅದರ ಮೇಲಿನ ನಕ್ಷತ್ರಗಳನ್ನು ಎಣಿಸುತ್ತೇವೆ. ಎದೆ ಸೀಳಿಸಿಕೊಳ್ಳಲು ಹೊರಟಾಗ ಮಾತ್ರ ಕಟ್ಟಡದ ಗಾಜು, ಡಾಕ್ಟರ ಹೆಸರಿನ ಮುಂದಿರುವ ಪದವಿಗಳ ಉದ್ದ, ಪರಿಚಯದವರ ಮಾತು, ಇಷ್ಟನ್ನೇ ನಂಬಿ ಒಳಗೆ ಹೋಗಬೇಕು. ಅಂಕಿಗಳೆಲ್ಲ ಆಸ್ಪತ್ರೆಯ ಕಪಾಟಿನಲ್ಲೇ ಇರುತ್ತವೆ. ವೈದ್ಯರು ಅವನ್ನು ಹೊರಗೆ ಬಿಡಲು ಒಪ್ಪುವುದಿಲ್ಲ ಎಂದರೆ ಮುಚ್ಚಿಡಲು ಏನೋ ಇದೆ ಎಂದೇ ನಾನು ತಿಳಿಯುತ್ತೇನೆ.

ಕತ್ತರಿ_ಡಾಕ್ಟರ್:
ಕುಂಬಳಕಾಯಿ ಕಳ್ಳ ಎಂದು ಕೂಗಿಯಾಯಿತು. ಇನ್ನು ನಾನು ಹೆಗಲು ಮುಟ್ಟಿ ನೋಡಿಕೊಂಡರೂ ಕಷ್ಟ, ಸುಮ್ಮನಿದ್ದರೂ ಕಷ್ಟ. ಆದರೂ ಉತ್ತರಿಸುತ್ತೇನೆ, ಏಕೆಂದರೆ ಹೃದಯದ ಶಸ್ತ್ರಚಿಕಿತ್ಸೆ ನನ್ನ ದಿನನಿತ್ಯದ ಕೆಲಸ.

ಒಂದೇ ದಿನ ಇಬ್ಬರು ಬರುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬರಿಗೆ ಐವತ್ತು ವರ್ಷ, ಉಳಿದೆಲ್ಲ ಅಂಗಗಳೂ ಗಟ್ಟಿ. ಇನ್ನೊಬ್ಬರಿಗೆ ಎಪ್ಪತ್ತೆಂಟು, ಮೂತ್ರಪಿಂಡ ಕೈಕೊಟ್ಟಿದೆ, ಇದು ಎರಡನೆಯ ಬೈಪಾಸ್. ಎರಡನೆಯವರಿಗೆ "ಔಷಧದಲ್ಲೇ ನೋಡಿಕೊಳ್ಳೋಣ" ಎಂದು ಹೇಳಿ ಕಳಿಸಿದರೆ ಅವರು ಮನೆಯಲ್ಲಿ ಸಾಯುತ್ತಾರೆ, ನನ್ನ ಲೆಕ್ಕ ಚೊಕ್ಕಟವಾಗಿರುತ್ತದೆ. ಬೋರ್ಡಿನ ಮೇಲೆ ಸಾವಿನ ಸಂಖ್ಯೆ ಬರೆದ ದಿನದಿಂದ ಇಂಥವರಿಗೆ ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚುತ್ತದೆ.

ಇದು ಬರೀ ಊಹೆಯಲ್ಲ. ನ್ಯೂಯಾರ್ಕ್ ರಾಜ್ಯ 1989ರಿಂದ ಬೈಪಾಸ್ ಸಾವುಗಳ ಲೆಕ್ಕ ಇಡತೊಡಗಿತು. 1991ರಲ್ಲಿ ಪತ್ರಿಕೆಯೊಂದು ನ್ಯಾಯಾಲಯಕ್ಕೆ ಹೋಗಿ ಶಸ್ತ್ರಚಿಕಿತ್ಸಕರ ಹೆಸರುಗಳ ಸಮೇತ ಅದನ್ನು ಪಡೆದು ಅಚ್ಚು ಹಾಕಿತು. ಆ ವರ್ಷಗಳಲ್ಲಿ ನ್ಯೂಯಾರ್ಕಿನಿಂದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿಗೆ ಬರುತ್ತಿದ್ದ ರೋಗಿಗಳು ಬೇರೆಡೆಯವರಿಗಿಂತ ಹೆಚ್ಚು ಅಪಾಯದ ಸ್ಥಿತಿಯವರು ಎಂದು ಕ್ಲೀವ್‌ಲ್ಯಾಂಡಿನ ವೈದ್ಯರು 1996ರಲ್ಲಿ ವರದಿ ಮಾಡಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು.

ಅಂಶ_ಛೇದ:
ಡಾಕ್ಟರೇ, ಕಥೆಯ ಅರ್ಧವನ್ನಷ್ಟೇ ಹೇಳಿದ್ದೀರಿ. ಉಳಿದರ್ಧ ನಿಮಗೂ ಗೊತ್ತಿದೆ ಎಂದು ನನಗೆ ಗುಮಾನಿ.

ನ್ಯೂಯಾರ್ಕ್ ಬರೀ ಹೆಣ ಎಣಿಸಲಿಲ್ಲ. ರೋಗಿಯ ವಯಸ್ಸು, ಹೃದಯ ಎಷ್ಟು ಬಲವಾಗಿ ರಕ್ತ ತಳ್ಳುತ್ತದೆ, ಮೂತ್ರಪಿಂಡದ ಸ್ಥಿತಿ ಏನು, ಹಿಂದೆ ಆಪರೇಷನ್ ಆಗಿತ್ತೇ ಎಂಬುದನ್ನೆಲ್ಲ ಸೇರಿಸಿ, ಇಂಥ ರೋಗಿಗಳಲ್ಲಿ ಎಷ್ಟು ಸಾವು ನಿರೀಕ್ಷಿತ ಎಂದು ಮೊದಲು ಲೆಕ್ಕ ಹಾಕಿ, ನಿಜವಾಗಿ ಆದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಿತು. ನಿಮ್ಮ ಎಪ್ಪತ್ತೆಂಟರ ಅಜ್ಜ ಸತ್ತರೆ ನಿಮಗೆ ತಗುಲುವ ಪೆಟ್ಟು ಸಣ್ಣದು, ಬದುಕಿದರೆ ಸಿಗುವ ಲಾಭ ದೊಡ್ಡದು. ಹೀಗೆ ಹೊಂದಿಸಿದ ಸಾವಿನ ಪ್ರಮಾಣ 1989ರಲ್ಲಿ ಶೇ 4.17 ಇದ್ದದ್ದು 1992ಕ್ಕೆ ಶೇ 2.45ಕ್ಕೆ ಇಳಿಯಿತು. ರೋಗಿಗಳನ್ನು ಹೊರಗಟ್ಟಿದ ಆರೋಪಕ್ಕೂ ಉತ್ತರ ಬಂದಿದೆ. 1998ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ವೃದ್ಧ ರೋಗಿಗಳ ವಿಮಾ ದಾಖಲೆ ತೆಗೆದು ನೋಡಿತು. ಬೈಪಾಸ್‌ಗಾಗಿ ನ್ಯೂಯಾರ್ಕಿನಿಂದ ಹೊರಗೆ ಹೋಗುವವರು ಹೆಚ್ಚಿರಲಿಲ್ಲ, ಕಡಿಮೆಯಾಗಿದ್ದರು.

ನನಗೆ ತುಂಬಾ ಇಷ್ಟವಾದದ್ದು ನ್ಯೂಯಾರ್ಕ್ ರಾಜ್ಯದ್ದೇ ಆದ ಆಲ್ಬನಿಯ ಒಂದು ಆಸ್ಪತ್ರೆಯ ಪ್ರಕರಣ. ಅಲ್ಲಿನ ಅಂಕಿ ಕೆಟ್ಟದಾಗಿ ಬಂತು. ಎಲ್ಲರಂತೆ ಅವರಿಗೂ ಮೊದಲು ಅಂಕಿಯ ಮೇಲೆಯೇ ಸಂಶಯ. ಕೊನೆಗೆ ಕೇಸ್ ಶೀಟ್‌ಗಳನ್ನು ವಿಂಗಡಿಸಿ ಕೂತಾಗ ಗೊತ್ತಾದದ್ದು: ಮೊದಲೇ ದಿನ ಗೊತ್ತುಮಾಡಿಕೊಂಡು ಬಂದ ರೋಗಿಗಳಲ್ಲಿ ತೊಂದರೆಯೇ ಇಲ್ಲ, ಹೆಚ್ಚುವರಿ ಸಾವೆಲ್ಲ ತುರ್ತಾಗಿ ಬಂದವರಲ್ಲಿ, 1992ರಲ್ಲಿ ಅವರಲ್ಲಿ ಶೇ 26. ಹೃದಯಾಘಾತವಾಗಿ ಕುಸಿದವರನ್ನು ಸ್ಥಿರಗೊಳಿಸದೆ ಸೀದಾ ಟೇಬಲ್ ಮೇಲೆ ಮಲಗಿಸುತ್ತಿದ್ದರು. ಮೊದಲು ಸ್ಥಿರಗೊಳಿಸಿ ಆಮೇಲೆ ಕತ್ತರಿ ಹಿಡಿಯುವ ಕ್ರಮಕ್ಕೆ ಬದಲಾದರು. 1993ರಲ್ಲಿ ತುರ್ತು ರೋಗಿಗಳಲ್ಲಿ ಒಂದು ಸಾವೂ ಆಗಲಿಲ್ಲ. ಯಾರ ಕೈಚಳಕವೂ ಹೆಚ್ಚಿರಲಿಲ್ಲ, ಕೆಲಸದ ಸರದಿ ಬದಲಾಗಿತ್ತು ಅಷ್ಟೇ. ಲೆಕ್ಕ ಇಡದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇಷ್ಟು ಹೇಳಿ ಜಿಜ್ಞಾಸು ಅವರಿಗೂ ಒಂದು ಮಾತು. "ನಮ್ಮಲ್ಲಿ ಸಾವು ಸೊನ್ನೆ" ಎಂಬ ಬೋರ್ಡ್ ಕಂಡರೆ ಮೊದಲು ಕೇಳಬೇಕಾದದ್ದು, ಎಷ್ಟು ಶಸ್ತ್ರಚಿಕಿತ್ಸೆಗಳಲ್ಲಿ? ಒಂದೂ ಸಾವಿಲ್ಲದಿದ್ದಾಗ ಅಪಾಯ ಹೆಚ್ಚೆಂದರೆ ಎಷ್ಟಿರಬಹುದು ಎಂದು ತಿಳಿಯಲು ಸ್ಥೂಲವಾದ ಸೂತ್ರವೊಂದಿದೆ, 3ನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ. 50 ಶಸ್ತ್ರಚಿಕಿತ್ಸೆಗಳಲ್ಲಿ ಒಂದೂ ಸಾವಿಲ್ಲದ ಆಸ್ಪತ್ರೆಯ ನಿಜವಾದ ಅಪಾಯ ಶೇ 6ರಷ್ಟು ಇದ್ದರೂ ಇರಬಹುದು. ಅದೃಷ್ಟಕ್ಕೂ ಕೌಶಲಕ್ಕೂ ಅಷ್ಟು ಸಣ್ಣ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಛೇದದ ಆಟದಲ್ಲಿ ದೊಡ್ಡವರೇ ಪೇಚಿಗೆ ಸಿಕ್ಕಿದ್ದಾರೆ. 1863ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಕಟಿಸಿದ ಕೋಷ್ಟಕದಲ್ಲಿ ಲಂಡನ್ನಿನ ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ 90ನ್ನು ಮೀರಿತ್ತು! ಇಡೀ ವರ್ಷದ ಸಾವುಗಳನ್ನು ಒಂದೇ ಒಂದು ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು. ಆ ಕಾಲದ ವೈದ್ಯಕೀಯ ಪತ್ರಿಕೆಗಳಲ್ಲಿ ಜಗಳವೇ ಆಯಿತು.

ರಾತ್ರಿಪಾಳಿ:
ಅಂಶ, ಛೇದ ಎಲ್ಲ ಸರಿ. ಆ ಅಂಕಿಗಳು ಹುಟ್ಟುವ ಜಾಗದಲ್ಲಿ ನಿಂತು ನಾನು ಬರೆಯುತ್ತಿದ್ದೇನೆ. ಹದಿನೈದು ವರ್ಷದಿಂದ ಐಸಿಯು ನರ್ಸ್.

ಹಾಸಿಗೆ ಹುಣ್ಣು ಆಗಬಾರದೆಂದು ಎದ್ದೇಳಲಾಗದ ರೋಗಿಯ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು, ಬದಲಿಸಿದ್ದನ್ನು ಹಾಳೆಯಲ್ಲಿ ಬರೆಯಬೇಕು. ತಪಾಸಣೆಗೆ ಬರುವವರು ನೋಡುವುದು ಆ ಹಾಳೆಯನ್ನು. 10, 12, 2, 4, 6. ಐದೂ ಗೆರೆಗಳು ಒಂದೇ ಪೆನ್ನಿನಲ್ಲಿ, ಒಂದೇ ವಾಲಿಕೆಯಲ್ಲಿ, ಒಂದೇ ಉಸಿರಿಗೆ ಬರೆದಂತೆ ಇರುತ್ತವೆ. ಬೆಳಗಿನ ಆರು ಗಂಟೆಗೆ ಕೂತು ಬರೆದದ್ದೇ ಹಾಗೆ. ಕೆಲವು ರಾತ್ರಿ ಮಗ್ಗುಲು ಬದಲಿಸಿರುತ್ತೇವೆ, ಬರೆಯಲು ಪುರುಸೊತ್ತಿರುವುದಿಲ್ಲ. ಕೆಲವು ರಾತ್ರಿ ಇಬ್ಬರೇ ನರ್ಸ್‌ಗಳು, ಆರು ವೆಂಟಿಲೇಟರ್. ಆ ರಾತ್ರಿ ಏನಾಗಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಎರಡು ರಾತ್ರಿಗಳ ಹಾಳೆಯೂ ನೋಡಲು ಒಂದೇ. ಶೇ 100 ಪಾಲನೆ!

ಸೋಂಕಿನ ಲೆಕ್ಕವೂ ಇಷ್ಟೇ. ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಯಿಂದ, ಅಂದರೆ ಕ್ಯಾತಿಟರ್‌ನಿಂದ ನಂಜಾಯಿತೇ ಎಂದು ತಿಳಿಯಲು ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂಬ ಪರೀಕ್ಷೆ) ಕಳಿಸಬೇಕು. ಕಳಿಸದಿದ್ದರೆ ಸೋಂಕು ದಾಖಲಾಗುವುದಿಲ್ಲ. ಜ್ವರ ಬಂದ ಕೂಡಲೇ ಕಲ್ಚರ್ ಕಳಿಸುವ ಶಿಸ್ತಿನ ಘಟಕ ಪಟ್ಟಿಯಲ್ಲಿ ಕೆಳಗೆ, ಆ್ಯಂಟಿಬಯೋಟಿಕ್ ಚುಚ್ಚಿ ಸುಮ್ಮನಿರುವ ಘಟಕ ಮೇಲೆ. ಇಂಗ್ಲೆಂಡಿನಲ್ಲಿ 2009ರಿಂದ 2011ರವರೆಗೆ ಇದೇ ಸೋಂಕನ್ನು ಇಳಿಸುವ ದೊಡ್ಡ ಯೋಜನೆ ನಡೆಯಿತು. ಸಂಶೋಧಕರು ಹೋಗಿ ವಾರ್ಡ್‌ಗಳಲ್ಲಿ ಕೂತು ನೋಡಿದಾಗ ಒಂದೊಂದು ಘಟಕವೂ ಒಂದೊಂದು ರೀತಿ ಎಣಿಸುತ್ತಿತ್ತು. ಮೋಸದಿಂದಲ್ಲ, ಅವರವರ ರೂಢಿಯಿಂದ. ಅದನ್ನು ಪಟ್ಟಿ ಮಾಡಿ ರ‍್ಯಾಂಕ್ ಕೊಟ್ಟರೆ ಯಾರಿಗೆ ಬಹುಮಾನ ಕೊಟ್ಟಂತಾಗುತ್ತದೆ?

ಫೈಲು_ಹೊರುವವನು:
ನಾನು ಆಸ್ಪತ್ರೆಯೊಂದರ ಗುಣಮಟ್ಟ ವಿಭಾಗದಲ್ಲಿ ಇದ್ದೇನೆ, ಅಂದರೆ ಮೇಡಂ ಹೇಳಿದ ಆ ಹಾಳೆಗಳನ್ನು ಎಣಿಸುವವನು. ಹಾಳೆ ಒಂದೇ ಕೈಬರಹದಲ್ಲಿರುತ್ತದೆ ಎಂಬುದು ನಮಗೂ ಕಾಣುತ್ತದೆ. ಮಾನ್ಯತೆ ಕೊಡಲು ಬರುವವರಿಗೂ ಕಾಣುತ್ತದೆ. ಎಲ್ಲರೂ ನೋಡಿ, ಎಲ್ಲರೂ ಸಹಿ ಹಾಕುತ್ತೇವೆ.

ಗುರಿ ಕೊಟ್ಟು ದಂಡ ಹಾಕತೊಡಗಿದರೆ ಇನ್ನೂ ಸ್ವಾರಸ್ಯ. ತುರ್ತು ವಿಭಾಗಕ್ಕೆ ಬಂದ ನೂರಕ್ಕೆ 98 ಜನರನ್ನು ನಾಲ್ಕು ಗಂಟೆಯೊಳಗೆ ದಾಖಲಿಸಬೇಕು ಇಲ್ಲವೇ ಮನೆಗೆ ಕಳಿಸಬೇಕು ಎಂದು ಇಂಗ್ಲೆಂಡ್ 2004ರ ಸುಮಾರಿಗೆ ಗುರಿ ಇಟ್ಟಿತು. ಕಾಯುವ ಸಮಯ ನಿಜವಾಗಿಯೂ ಇಳಿಯಿತು, ಅದನ್ನು ಅಲ್ಲಗಳೆಯಬಾರದು. ಆದರೆ ರೋಗಿಗಳು ಯಾವ ನಿಮಿಷದಲ್ಲಿ ಆ ವಿಭಾಗ ಬಿಟ್ಟರು ಎಂದು ನಕ್ಷೆ ಬರೆದರೆ ನಾಲ್ಕನೇ ಗಂಟೆಯ ಕೊನೆಯ ನಿಮಿಷಗಳಲ್ಲಿ ಗೋಪುರದಂತೆ ಎದ್ದ ಗೆರೆ. ಗಡಿಯಾರ ನೋಡಿ ರೋಗಿಗಳನ್ನು ವಾರ್ಡ್‌ಗೆ ದಬ್ಬುತ್ತಿದ್ದರು. ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗೆ ಬಂದ ನಾಲ್ಕು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡಬೇಕೆಂಬ ಮಾನದಂಡ ಇತ್ತು. ಎಕ್ಸ್‌ರೇ ಬರುವ ಮೊದಲೇ, ಕೆಮ್ಮಿದವರಿಗೆಲ್ಲ ಕೊಡಲು ಶುರುವಾಯಿತು. ಆರು ಗಂಟೆಗೆ ಸಡಿಲಿಸಿದರು, ಕೊನೆಗೆ ಮಾನದಂಡವನ್ನೇ ಕೈಬಿಟ್ಟರು.

ಜಿಜ್ಞಾಸು:
ಚೆನ್ನಾಗಿದೆ. ಡಾಕ್ಟರು ಪ್ರಕಟಿಸಬೇಡಿ ಎನ್ನುತ್ತಾರೆ, ನರ್ಸ್ ಅಂಕಿಯೇ ಸುಳ್ಳು ಎನ್ನುತ್ತಾರೆ, ಎಣಿಸುವವರು ಎಣಿಕೆಯೇ ನಾಟಕ ಎನ್ನುತ್ತಾರೆ. ಹಾಗಾದರೆ ರೋಗಿ ಕಣ್ಣು ಮುಚ್ಚಿಕೊಂಡು ಮಲಗಿಬಿಡಬೇಕೇ?

ಹೊಸ_ಮೊಣಕಾಲು:
ನಡುವೆ ಬಾಯಿ ಹಾಕುತ್ತೇನೆ. ಕಳೆದ ವರ್ಷ ಮೊಣಕಾಲಿನ ಕೀಲು ಬದಲಾಯಿಸಿಕೊಂಡೆ. ನಾನು ಸಾಯಲಿಲ್ಲ, ಸೋಂಕೂ ಆಗಲಿಲ್ಲ, ಮರಳಿ ದಾಖಲೂ ಆಗಲಿಲ್ಲ. ನಿಮ್ಮೆಲ್ಲರ ಲೆಕ್ಕದಲ್ಲಿ ನಾನು ಪೂರ್ಣಾಂಕ. ಮೆಟ್ಟಿಲು ಇಳಿಯುವಾಗ ಈಗಲೂ ಗೋಡೆ ಹಿಡಿಯಬೇಕು, ರಾತ್ರಿ ನೋವಿಗೆ ಎಚ್ಚರವಾಗುತ್ತದೆ. ಡಿಸ್ಚಾರ್ಜ್ ದಿನ ಊಟ ಹೇಗಿತ್ತು, ಕೋಣೆ ಸ್ವಚ್ಛವಾಗಿತ್ತೇ, ಸಿಬ್ಬಂದಿ ನಗುಮುಖದಿಂದ ಮಾತನಾಡಿಸಿದರೇ ಎಂದು ಒಂದು ಫಾರಂ ತುಂಬಿಸಿಕೊಂಡರು. ಆಮೇಲೆ ಯಾರೂ ಕೇಳಲಿಲ್ಲ.

ಅಂಶ_ಛೇದ:
ಇಡೀ ಚರ್ಚೆಯಲ್ಲಿ ಕಾಣೆಯಾಗಿದ್ದುದು ಇದೇ. ಇಂಗ್ಲೆಂಡ್ 2009ರಿಂದ ಸೊಂಟ, ಮೊಣಕಾಲು, ಹರ್ನಿಯಾ, ಉಬ್ಬಿದ ರಕ್ತನಾಳ, ಈ ನಾಲ್ಕು ಶಸ್ತ್ರಚಿಕಿತ್ಸೆಗಳ ಮೊದಲು ಮತ್ತು ಕೆಲವು ತಿಂಗಳ ನಂತರ ರೋಗಿಯನ್ನೇ ಕೇಳತೊಡಗಿತು: ನೋವು ಎಷ್ಟು, ನಡೆಯಲಾಗುತ್ತದೆಯೇ, ಮೆಟ್ಟಿಲು ಇಳಿಯಲಾಗುತ್ತದೆಯೇ? ನಗುಮುಖದ ಫಾರಂ ಬೇರೆ, ಇದು ಬೇರೆ. ಮೊದಲೂ ಕೇಳಬೇಕು ಎಂಬುದು ಮುಖ್ಯ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

ಜಿಜ್ಞಾಸು ಅವರೇ, ಅಳೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಪಾಠ ಕಲಿಯಲು ಇಟ್ಟ ಲೆಕ್ಕವನ್ನೇ ಶಿಕ್ಷೆಗೂ ಬಳಸಿದರೆ ಮೊದಲು ಸಾಯುವುದು ಆ ಲೆಕ್ಕದ ಪ್ರಾಮಾಣಿಕತೆ. ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್ಮನ್ ನೂರು ವರ್ಷದ ಹಿಂದೆಯೇ ಪ್ರತಿ ರೋಗಿಯನ್ನೂ ಚಿಕಿತ್ಸೆಯ ನಂತರ ಹಿಂಬಾಲಿಸಿ ಫಲಿತಾಂಶ ಬರೆದಿಡಬೇಕು ಎಂದು ಹಟ ಹಿಡಿದಿದ್ದ. 1911ರಿಂದ 1916ರವರೆಗೆ ತನ್ನ ಸಣ್ಣ ಆಸ್ಪತ್ರೆಯಿಂದ ಮನೆಗೆ ಹೋದ 337 ರೋಗಿಗಳಲ್ಲಿ 123 ತಪ್ಪುಗಳನ್ನು ತಾನೇ ಪಟ್ಟಿ ಮಾಡಿ ಅಚ್ಚು ಹಾಕಿಸಿದ. ಸಹೋದ್ಯೋಗಿಗಳು ಅವನನ್ನು ದೂರವಿಟ್ಟರು. ಇಂದು ಯಾವುದಾದರೂ ಆಸ್ಪತ್ರೆ 337ಕ್ಕೆ 123 ಎಂದು ಪ್ರಕಟಿಸಿದರೆ ನೀವು ಅಲ್ಲಿಗೆ ಹೋಗುತ್ತೀರಾ? ನಾನಂತೂ ಹೋಗುತ್ತೇನೆ.

ಕತ್ತರಿ_ಡಾಕ್ಟರ್:
ಕಾಡ್ಮನ್ ವಿಷಯದಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರು ಬೋರ್ಡಿನ ಬಗ್ಗೆ. ಅಳತೆಯಿಂದ ಸುಧಾರಣೆ ತಾನಾಗಿಯೇ ಬರುತ್ತದೆ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತಿದೆ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿಯನ್ನು ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿದಾಗ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಜಗತ್ತೆಲ್ಲ ಹಬ್ಬ ಮಾಡಿತು. ಕೆನಡಾದ ಒಂಟಾರಿಯೋ ಪ್ರಾಂತ್ಯ ಅದನ್ನು ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಿತು. 2014ರ ವರದಿಯ ಪ್ರಕಾರ 101 ಆಸ್ಪತ್ರೆಗಳಲ್ಲಿ ಸಾವು ಶೇ 0.71ರಿಂದ 0.65ಕ್ಕೆ, ಅಂದರೆ ಗಣನೆಗೆ ಸಿಗುವಷ್ಟು ವ್ಯತ್ಯಾಸವೇ ಇಲ್ಲ. ಅದೇ ಪಟ್ಟಿ, ಅದೇ ಚೌಕಗಳು.

ರಾತ್ರಿಪಾಳಿ:
ಏಕೆಂದರೆ ಚೌಕಕ್ಕೆ ಗುರುತು ಹಾಕುವುದಕ್ಕೂ ನಿಲ್ಲಿ ಎನ್ನುವುದಕ್ಕೂ ವ್ಯತ್ಯಾಸವಿದೆ ಡಾಕ್ಟರೇ. ಅಮೆರಿಕದ ಮಿಷಿಗನ್ನಿನ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಕ್ಯಾತಿಟರ್ ಸೋಂಕು ಇಳಿಸಿದ್ದು ಐದೇ ಅಂಶಗಳಿಂದ: ಕೈ ತೊಳೆಯಿರಿ, ರೋಗಿಯ ಮೈಮೇಲೆ ಪೂರ್ತಿ ಹೊದಿಕೆ ಹಾಕಿ, ಚರ್ಮಕ್ಕೆ ರೋಗಾಣುನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ತೊಡೆಸಂದಿಯ ರಕ್ತನಾಳ ಬೇಡ, ಬೇಡವಾದ ಕ್ಯಾತಿಟರ್ ತೆಗೆಯಿರಿ. ಸಾವಿರ ಕ್ಯಾತಿಟರ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಕ್ಯಾತಿಟರ್ ಇದ್ದರೆ ಒಂದು ಕ್ಯಾತಿಟರ್ ದಿನ) 2.7 ಸೋಂಕು ಇದ್ದ ಮಧ್ಯಾಂಕ, ಅಂದರೆ ಸಾಲಿನ ನಡುವಿನ ಘಟಕದ ಅಂಕಿ, ಮೂರು ತಿಂಗಳಲ್ಲಿ ಸೊನ್ನೆಗೆ ಬಂತು. ಈ ಐದರಲ್ಲಿ ಹೊಸ ವಿಜ್ಞಾನ ಏನೂ ಇಲ್ಲ. ಹೊಸದಾಗಿದ್ದದ್ದು, ವೈದ್ಯರು ಒಂದು ಹೆಜ್ಜೆ ತಪ್ಪಿಸಿದರೆ ನರ್ಸ್ ಕೆಲಸ ನಿಲ್ಲಿಸಬಹುದು, ಆಡಳಿತ ಅವಳ ಬೆನ್ನಿಗೆ ನಿಲ್ಲುತ್ತದೆ ಎಂಬುದು. ನಮ್ಮ ಘಟಕದಲ್ಲಿ ಇದೇ ಪಟ್ಟಿ ಗೋಡೆಯ ಮೇಲೆ ಲ್ಯಾಮಿನೇಟ್ ಆಗಿ ಅಂಟಿಕೊಂಡಿದೆ. ಹೊದಿಕೆ ಪೂರ್ತಿ ಹಾಕಿ ಸಾರ್ ಎಂದ ನಮ್ಮ ಹುಡುಗಿಗೆ ಸಿಕ್ಕ ಉತ್ತರ, "ಎಂಬಿಬಿಎಸ್ ಯಾವಾಗ ಮುಗಿಸಿದೆಯಮ್ಮಾ?" ಇದನ್ನು ಯಾವ ಕೋಷ್ಟಕದಲ್ಲಿ ಬರೆಯೋಣ?

ಫೈಲು_ಹೊರುವವನು:
ಬರೆಯಬಹುದು ಮೇಡಂ. ಕೆಲಸ ನಿಲ್ಲಿಸಿದ ಸಂದರ್ಭಗಳನ್ನು ತಿಂಗಳಿಗೊಮ್ಮೆ ಎಣಿಸುವ ಪ್ರಯತ್ನ ನಮ್ಮಲ್ಲಿ ನಡೆದಿದೆ. ಆ ಸಂಖ್ಯೆ ಸೊನ್ನೆಯಾಗಿದ್ದರೆ ಅದನ್ನೇ ಅಪಾಯದ ಸೂಚನೆ ಎಂದು ಬರೆದುಕೊಳ್ಳುತ್ತೇನೆ. ಮೇಲಿನವರಿಗೆ ಇನ್ನೂ ಅರ್ಥವಾಗಿಲ್ಲ, ಸೊನ್ನೆ ಕಂಡರೆ ಅಭಿನಂದನೆ ಹೇಳುತ್ತಾರೆ.

ಜಿಜ್ಞಾಸು:
ನಿಯಮದ ಮಾತು ಸದ್ಯಕ್ಕೆ ಬದಿಗಿಡುತ್ತೇನೆ, ಬಿಟ್ಟುಕೊಟ್ಟಿಲ್ಲ. ಡಾಕ್ಟರೇ, ನಿಮ್ಮೆದುರು ಕೂತ ರೋಗಿ ಏನು ಕೇಳಿದರೆ ನೀವು ಬೇಸರಿಸದೆ ಉತ್ತರ ಕೊಡುತ್ತೀರಿ?

ಕತ್ತರಿ_ಡಾಕ್ಟರ್:
ವರ್ಷಕ್ಕೆ ಇದೇ ಶಸ್ತ್ರಚಿಕಿತ್ಸೆಯನ್ನು ಎಷ್ಟು ಮಾಡುತ್ತೀರಿ ಎಂದು ಕೇಳಿ. ಹೆಚ್ಚು ಮಾಡುವ ಕಡೆ ಸಾವು ಕಡಿಮೆ ಎಂಬುದು ಹಲವು ಶಸ್ತ್ರಚಿಕಿತ್ಸೆಗಳಲ್ಲಿ 1979ರಿಂದಲೂ ಕಂಡುಬಂದಿರುವ ಸಂಗತಿ. ನನ್ನಂಥ ಸ್ಥಿತಿಯ ರೋಗಿಗಳು ಅದರಲ್ಲಿ ಎಷ್ಟು, ಅವರಲ್ಲಿ ಎಷ್ಟು ಜನ ಮತ್ತೆ ಥಿಯೇಟರಿಗೆ ಬರಬೇಕಾಯಿತು ಎಂದೂ ಕೇಳಿ. "ಏನೂ ಆಗುವುದಿಲ್ಲ, ಧೈರ್ಯವಾಗಿರಿ" ಎಂದಷ್ಟೇ ಹೇಳಿದರೆ ಎದ್ದು ಬನ್ನಿ.

ರಾತ್ರಿಪಾಳಿ:
ರಾತ್ರಿ ಎಷ್ಟು ಹಾಸಿಗೆಗೆ ಎಷ್ಟು ನರ್ಸ್ ಎಂದೂ ಕೇಳಿ. ಆ ಪ್ರಶ್ನೆಯನ್ನು ಡಾಕ್ಟರ ಬಳಿ ಕೇಳಬೇಡಿ, ಅವರಿಗೆ ಗೊತ್ತಿರುವುದಿಲ್ಲ. ರಾತ್ರಿ ಹತ್ತರ ನಂತರ ಬಂದು ವಾರ್ಡ್‌ನಲ್ಲಿ ಎಣಿಸಿಕೊಳ್ಳಿ.