ಅಪ್‌ಡೇಟ್: ತೈಜೆಗೆ ಹೋಗಲು ವೀಸಾ ಸಿಕ್ಕಿತು

ಫ್ರಾನ್ಸ್‌ನ ತೈಜೆಯಲ್ಲಿ ನಡೆಯುವ ಕ್ರೈಸ್ತ ಯುವಜನರ ಧ್ಯಾನಕೂಟಕ್ಕೆ ಹೊರಟಿರುವ ನಾನು, ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ) ಅರ್ಜಿ ವಾಪಸ್ ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೆ. ನಿನ್ನೆ ವೀಸಾ ಕೈಸೇರಿತು, ದೇವರಿಗೆ ಸ್ತೋತ್ರ!

ಪಾದ್ರಿಗಳಿಂದ ಇನ್ನೊಂದು ಪತ್ರ ತಂದರೆ ಸಾಕೆಂಬ ಸಲಹೆ ಫಲಿಸಲಿಲ್ಲ. ಅರ್ಜಿಯ ಜೊತೆ ಕೊಡುವ ಪ್ರವಾಸ ವೈದ್ಯಕೀಯ ವಿಮಾ ಪತ್ರವನ್ನು ಸಾಲುಸಾಲಾಗಿ ಓದಿ ಎಂದವರ ಮಾತೇ ಕೈಹಿಡಿಯಿತು. ಬೆರಳಿಟ್ಟು ಓದಿದಾಗ ಕಂಡಿತು: ಹಿಂದಿರುಗುವ ದಿನವೇ ಅದರಲ್ಲಿ ಸೇರಿರಲಿಲ್ಲ. ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸುವ, ಕನಿಷ್ಠ 30,000 ಯೂರೋ ರಕ್ಷಣೆಯ ಹೊಸ ವಿಮೆ ಮಾಡಿಸಿದೆ. ಅಲ್ಲಿಂದ ಹೊರಟ ಮೇಲೂ ಪಾಸ್‌ಪೋರ್ಟ್ 3 ತಿಂಗಳು ಚಾಲ್ತಿಯಲ್ಲಿರಬೇಕು, ಮರೆಯಬೇಡಿ.

ನನಗೆ ಗೊತ್ತೇ ಇರದಿದ್ದ ಸಂಗತಿ, ಸ್ಲೀಪಿಂಗ್ ಬ್ಯಾಗ್ ನಾವೇ ಒಯ್ಯಬೇಕು. ಅಲ್ಲಿ ದಿನಕ್ಕೆ ಮೂರು ಬಾರಿ ಪ್ರಾರ್ಥನೆ, ನಡುವೆ ದೀರ್ಘ ಮೌನ. ಆ ಮೌನಕ್ಕಾಗಿಯೇ ಕಾಯುತ್ತಿದ್ದೇನೆ.