‘ಕಡಲತೀರ ಪುನಶ್ಚೇತನ’ವೋ, ‘ಮರಳು ಮರುಪೂರಣ’ವೋ? ಜೊತೆಗೆ ಟೆಂಡರಿನ ಕೆಲವು ಪದಗಳು

ಗೆಳೆಯರೇ,

ಕೊರೆತಕ್ಕೆ ಸಿಕ್ಕಿದ ಕಡಲತೀರಗಳಿಗೆ ಮರಳು ತಂದು ಹಾಕುವ ಕೆಲಸದ ಖರ್ಚು ಏಕೆ ಏರುತ್ತಿದೆ ಎಂಬ ಬಗ್ಗೆ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಕೆಲಸದ ಹೆಸರೇ. ‘ಪುನಶ್ಚೇತನ’ ಎಂಬುದು ಹಳೆಯ ಕಟ್ಟಡಕ್ಕೆ, ಕೆರೆಗೆ ಒಪ್ಪುವ ಮಾತು. ಒಮ್ಮೆ ಮಾಡಿದರೆ ಮುಗಿಯಿತು ಎಂಬ ಭಾವ ಅದರಲ್ಲಿದೆ. ತೀರಕ್ಕೆ ಹಾಕಿದ ಮರಳನ್ನಾದರೋ ಅಲೆ ಮತ್ತೆ ಒಯ್ಯುತ್ತದೆ. ಕೆಲವು ವರ್ಷಕ್ಕೊಮ್ಮೆ ಪುನಃ ಹಾಕಬೇಕೆಂಬುದು ಯೋಜನೆಯ ಲೆಕ್ಕದಲ್ಲೇ ಇರುತ್ತದೆ. ನೆದರ್ಲೆಂಡ್ಸ್ ತನ್ನ ಕರಾವಳಿಯ ಗೆರೆ ಇದ್ದಲ್ಲೇ ಉಳಿಯಬೇಕೆಂದು 1990ರಲ್ಲಿ ತೀರ್ಮಾನಿಸಿದ ಮೇಲೆ ಅಲ್ಲಿ ಇದು ಮಾಮೂಲಿ ನಿರ್ವಹಣೆಯ ಕೆಲಸವಾಯಿತು. 2011ರಲ್ಲಿ ಒಂದೇ ಕಡೆ ಸುಮಾರು 2 ಕೋಟಿ 15 ಲಕ್ಷ ಘನ ಮೀಟರ್ ಮರಳು ಸುರಿದು, ಅಲೆ ಗಾಳಿಗಳೇ ಅದನ್ನು ತೀರದುದ್ದಕ್ಕೂ ಹಂಚಲಿ ಎಂದು ಬಿಟ್ಟರು. ಹೀಗಿರುವಾಗ ‘ಪುನಶ್ಚೇತನ’ ಎಂದು ಬರೆದರೆ, ಎರಡನೇ ಸಲ ಟೆಂಡರ್ ಕರೆದ ಕೂಡಲೇ ಓದುಗರಿಗೆ ಮೊದಲ ಕೆಲಸ ಕಳಪೆಯಾಗಿತ್ತು ಎನಿಸುತ್ತದೆ. ನನಗೆ ‘ಮರಳು ಮರುಪೂರಣ’ ಹಿಡಿಸಿದೆ. ಅಂತರ್ಜಲ ಮರುಪೂರಣ ಹೇಗೂ ಬಳಕೆಯಲ್ಲಿದೆ. ಕರಗಿದ್ದನ್ನು ಮತ್ತೆ ಮತ್ತೆ ತುಂಬುವ ಅರ್ಥ ತಾನಾಗಿ ಬರುತ್ತದೆ. ಇಂಗ್ಲಿಷಿನ ‘ನರಿಷ್‌ಮೆಂಟ್’ ಅನ್ನು ಹಾಗೆಯೇ ಅನುವಾದಿಸಿದ ‘ಪೋಷಣೆ’ ಮಾತ್ರ ಬೇಡ.

ಇನ್ನು ಡ್ರೆಡ್ಜರ್‌ಗೆ ನಾವು ಬಳಸುವ ‘ಹೂಳೆತ್ತುವ ಹಡಗು’. ಬಂದರಿನಲ್ಲಿ ತೆಗೆಯುವುದು ಹೂಳು ನಿಜ, ಅದು ಬೇಡದ ವಸ್ತು. ಇಲ್ಲಿ ಬೇಕಾಗಿರುವುದು ತೀರದ ಮರಳಿನಷ್ಟೇ ದಪ್ಪ ಕಾಳಿನ ಮರಳು. ನುಣುಪು ಹೂಳನ್ನು ಹಾಕಿದರೆ ಅಲೆಗೆ ನಿಲ್ಲುವುದಿಲ್ಲ. ಹಡಗು ಸಮುದ್ರದ ತಳಕ್ಕೆ ಕೊಳವೆ ಇಳಿಸಿ ಮರಳನ್ನು ನೀರಿನ ಸಮೇತ ಹೀರಿ, ಒಡಲು ತುಂಬಿಕೊಂಡು ದಡದ ಹತ್ತಿರ ಬಂದು ಪೈಪಿನಲ್ಲಿ ಹೊರಹಾಕುತ್ತದೆ, ದಡದಲ್ಲಿ ಬುಲ್ಡೋಜರ್‌ಗಳು ಅದನ್ನು ಹರಡುತ್ತವೆ. ಆದ್ದರಿಂದ ‘ಮರಳು ಹೀರುವ ಹಡಗು’ ಅನ್ನೋಣ, ಇಲ್ಲವೇ ಡ್ರೆಡ್ಜರ್ ಎಂದೇ ಇಡೋಣ.

ನನ್ನನ್ನು ಹೆಚ್ಚು ಕಾಡುತ್ತಿರುವ ಪದ ‘ಮೊಬಿಲೈಸೇಷನ್’. ಡ್ರೆಡ್ಜರ್, ಪೈಪು, ಪಂಪು, ಟಗ್ ದೋಣಿ, ಜನ ಎಲ್ಲವನ್ನೂ ಕೆಲಸದ ಜಾಗಕ್ಕೆ ತಂದು ಜೋಡಿಸುವುದಕ್ಕೆ ಕೊಡುವ ಇಡಿಗಂಟು ಮೊತ್ತ ಇದು. ಒಂದು ಲೋಡು ಹಾಕಿದರೂ ನೂರು ಲೋಡು ಹಾಕಿದರೂ ಅಷ್ಟೇ ಕೊಡಬೇಕು. ಚಿಕ್ಕ ತೀರದ ಕೆಲಸದಲ್ಲಿ ಘನ ಮೀಟರಿನ ಲೆಕ್ಕ ಹಾಕಿದಾಗ ಮರಳು ದುಬಾರಿಯಾಗಿ ಕಾಣುವುದು ಇದರಿಂದಲೇ. ಅಕ್ಕಪಕ್ಕದ ಊರುಗಳು ಒಟ್ಟಾಗಿ ಒಂದೇ ಗುತ್ತಿಗೆ ಮಾಡಿಕೊಳ್ಳುವುದೂ ಇದಕ್ಕೇ. ಪದವನ್ನು ಹಾಗೆಯೇ ಉಳಿಸಿಕೊಳ್ಳಲು ತೊಡಕೇನೆಂದರೆ, ನಮ್ಮಲ್ಲಿ ‘ಮೊಬಿಲೈಸೇಷನ್ ಅಡ್ವಾನ್ಸ್’ ಎಂದರೆ ಗುತ್ತಿಗೆದಾರರಿಗೆ ಕೊಟ್ಟು ಆಮೇಲೆ ಬಿಲ್ಲಿನಲ್ಲಿ ಮುರಿದುಕೊಳ್ಳುವ ಮುಂಗಡ. ಇದು ಮುಂಗಡವಲ್ಲ, ಬಿಲ್ಲಿನದೇ ಒಂದು ಬಾಬ್ತು. ‘ಸಾಗಣೆ ವೆಚ್ಚ’ ಎಂದರೆ ಮರಳಿನ ಸಾಗಣೆ ಎಂದಾಗುತ್ತದೆ. ‘ಸಜ್ಜಿಕೆ ವೆಚ್ಚ’ ಹೇಗೆ? ಕೆಲಸ ಮುಗಿದ ಮೇಲೆ ಎಲ್ಲವನ್ನೂ ಕಳಚಿ ಒಯ್ಯುವ ಖರ್ಚನ್ನೂ ಆ ಪದ ಹೊರಬಲ್ಲದೇ?

‘ಬಿಡ್’ಗೆ ‘ಸವಾಲು’ ಎಂದು ಕೆಲವರು ಬರೆಯುತ್ತಾರೆ. ಸವಾಲು ಹರಾಜಿನ ಮಾತು. ಅಲ್ಲಿ ಹೆಚ್ಚು ಕೂಗಿದವನಿಗೆ ವಸ್ತು, ಇಲ್ಲಿ ಕಡಿಮೆ ಬರೆದವನಿಗೆ ಕೆಲಸ. ‘ನಮೂದಿಸಿದ ದರ’ ಸಾಕು.

‘ಅಂದಾಜು ಮೀರಿದ ವೆಚ್ಚ’ ಎಂಬುದನ್ನು ನಾವು ಎರಡು ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಕೆಲಸ ನಡೆಯುತ್ತಿರುವಾಗ ಡೀಸೆಲ್ ದರ ಏರಿ ಖರ್ಚು ಬೆಳೆಯುವುದು ಒಂದು. ಲಕೋಟೆ ತೆರೆದಾಗಲೇ ಎಲ್ಲರ ದರವೂ ಸರ್ಕಾರಿ ಅಂದಾಜಿನ ಮೇಲಿರುವುದು ಇನ್ನೊಂದು. ಅಮೆರಿಕದಲ್ಲಿ ಈ ಎರಡನೆಯದು ಬಹಳ ಮುಖ್ಯ. ದರ ಅಂದಾಜಿಗಿಂತ ಶೇ. 25ಕ್ಕೂ ಮಿಕ್ಕಿ ಹೆಚ್ಚಿದ್ದರೆ ಅಲ್ಲಿ ಇಂಥ ಕೆಲಸಗಳನ್ನು ನೋಡಿಕೊಳ್ಳುವ ಸೇನಾ ಎಂಜಿನಿಯರುಗಳ ದಳ ಡ್ರೆಡ್ಜಿಂಗ್ ಗುತ್ತಿಗೆ ಕೊಡುವಂತಿಲ್ಲ. ಪೈಪೋಟಿಯೂ ಕಡಿಮೆ, 1906ರ ಕಾಯ್ದೆಯ ಪ್ರಕಾರ ಹೊರದೇಶದಲ್ಲಿ ಕಟ್ಟಿದ ಡ್ರೆಡ್ಜರ್‌ಗಳಿಗೆ ಅಲ್ಲಿ ಕೆಲಸವಿಲ್ಲ. ಕಡಲಾಮೆ ಮೊಟ್ಟೆಯಿಡುವ ಕಾಲ ತಪ್ಪಿಸಬೇಕಾದ್ದರಿಂದ ಹಲವು ತೀರಗಳಿಗೆ ಅವೇ ಕೆಲವು ಹಡಗುಗಳು ಒಂದೇ ಋತುವಿನಲ್ಲಿ ಬೇಕಾಗುತ್ತವೆ. ಹತ್ತಿರದ ಮರಳು ತೀರಿದಂತೆ ದೂರ ಹೋಗಬೇಕು, ದಿನಕ್ಕೆ ಆಗುವ ಸುತ್ತು ಕಡಿಮೆ, ದರ ಮತ್ತೆ ಮೇಲೆ. ಇಷ್ಟೆಲ್ಲ ಕಾರಣವಿರುವಾಗ ಒಂದೇ ಮಾತಿನಲ್ಲಿ ‘ವೆಚ್ಚ ಮೀರಿತು’ ಎಂದು ಬರೆದರೆ ಓದುಗರ ಸಿಟ್ಟು ಸೀದಾ ಗುತ್ತಿಗೆದಾರನ ಮೇಲೆ ಹೋಗುತ್ತದೆ.

ಮೊದಲನೆಯದಕ್ಕೆ ‘ವೆಚ್ಚ ಏರಿಕೆ’, ಎರಡನೆಯದಕ್ಕೆ ‘ಅಂದಾಜು ಮೀರಿದ ದರ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಲೋಕೋಪಯೋಗಿ ಇಲಾಖೆಯ ಕಡತಗಳನ್ನು ಕನ್ನಡದಲ್ಲಿ ಬರೆದು ಅಭ್ಯಾಸವಿರುವವರು ಈ ಎರಡನ್ನು ಬೇರೆ ಮಾಡಿ ಹೇಳಲು ಯಾವ ಪದ ಬಳಸುತ್ತೀರಿ? ‘ಸಜ್ಜಿಕೆ’ ಬಗ್ಗೆಯೂ ದಯವಿಟ್ಟು ತಿಳಿಸಿ.