ಡಿ ಶಾರ್ಪ್ ಶ್ರುತಿಯ ಪಿಟೀಲಿಗೆ ಸಿಂಥೆಟಿಕ್ ತಂತಿ: ಮೀಡಿಯಮ್ಮೋ, ಸ್ಟ್ರಾಂಗೋ?

ಮಂದ್ರಪಂಚಮ
ಪಿಟೀಲಿಗೆ ಈಗಿರುವುದು ಡಿ'ಅಡ್ಡಾರಿಯೊ ಪ್ರೆಲ್ಯೂಡ್, ನಾಲ್ಕೂ ಸ್ಟೀಲ್. ಕರ್ನಾಟಕ ಸಂಗೀತ, ಸ-ಪ-ಸ-ಪ, ಡಿ ಶಾರ್ಪ್. ಎರಡನೇ ತಂತಿಯ ನಾದ ತೆಳು, ಕಮಾನು ಸ್ವಲ್ಪ ಒತ್ತಿದರೂ ಕೀರಲು. ಥೋಮಾಸ್ಟಿಕ್ ಕಂಪನಿಯ ಡಾಮಿನೆಂಟ್ ಎಂಬ ಸಿಂಥೆಟಿಕ್ ತಂತಿ ಹಾಕೋಣ ಅಂತಿದ್ದೇನೆ. ಬಿಗಿಯಲ್ಲಿ ಮೀಡಿಯಂ ಸಾಕೇ, ಸ್ಟ್ರಾಂಗ್ ಬೇಕೇ? ಗಾಯಕಿಯರಿಗೆ ಪಕ್ಕವಾದ್ಯ ನುಡಿಸುವಾಗ ಜಿ ಶ್ರುತಿಗೂ ಏರಿಸಬೇಕಾಗುತ್ತದೆ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯೂ ಇದೆ.

ತಂತಿಬಿಗಿ
ಕಂಪನಿ ನೋಡುವ ಮೊದಲು ಬಿಗಿಯ ಲೆಕ್ಕ ನೋಡಿ. ತಂತಿಯ ಬಿಗಿ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಈ ತಂತಿಗಳೆಲ್ಲ ಪಾಶ್ಚಾತ್ಯ ಜಿ-ಡಿ-ಎ-ಇ ಶ್ರುತಿಗೆಂದು ಮಾಡಿದವು. ಡಿ ಶಾರ್ಪ್‌ನಲ್ಲಿ ನಿಮ್ಮ ಎರಡನೇ ತಂತಿ 440ರಿಂದ 311 ಹರ್ಟ್ಸ್‌ಗೆ, ಅಂದರೆ ಆರು ಸ್ವರಸ್ಥಾನ ಕೆಳಗಿಳಿದಿದೆ. ಬಿಗಿ ಸರಿಯಾಗಿ ಅರ್ಧ. ಮೊದಲನೆಯದೂ ಹಾಗೆಯೇ. ಮೂರು ಮತ್ತು ನಾಲ್ಕನೆಯವು ನಾಲ್ಕು ಸ್ವರಸ್ಥಾನವಷ್ಟೇ ಇಳಿಯುವುದರಿಂದ ಶೇ 63ರಷ್ಟು ಬಿಗಿ ಉಳಿಯುತ್ತದೆ. ಕಷ್ಟವೆಲ್ಲ ಮೇಲಿನ ಎರಡು ತಂತಿಗಳಲ್ಲೇ ಕಾಣಿಸುವುದು ಇದಕ್ಕೇ.

ಆದ್ದರಿಂದ ಸ್ಟ್ರಾಂಗ್ ತೆಗೆದುಕೊಳ್ಳಿ. ಕಳೆದುಹೋದ ಅರ್ಧವನ್ನು ಅದು ತುಂಬಿಕೊಡುವುದಿಲ್ಲ, ಆದರೆ ಕಮಾನಿಗೆ ಹಿಡಿತ ಸಿಗುತ್ತದೆ. ಒತ್ತಿದಾಗ ಸ್ವರ ಮೇಲಕ್ಕೆ ಜಾರುವುದು ಕಡಿಮೆಯಾಗುತ್ತದೆ. ಡಾಮಿನೆಂಟ್‌ನ ಒಳಗಿರುವುದು ಪರ್ಲಾನ್, ನೈಲಾನ್ ಜಾತಿಯ ಎಳೆಗಳು. 1970ರಲ್ಲಿ ಬಂದ ತಂತಿಯಾದರೂ ದುಂಡನೆಯ ನಾದಕ್ಕೆ ಇಂದಿಗೂ ಒಳ್ಳೆಯ ಆಯ್ಕೆ. ಮೂರನೆಯದಕ್ಕೆ ಅಲ್ಯೂಮಿನಿಯಂ ಬದಲು ಬೆಳ್ಳಿ ಸುತ್ತಿನದನ್ನೇ ಕೇಳಿ. ಅದೇ ತೂಕಕ್ಕೆ ತಂತಿ ಸಣ್ಣಗಿರುತ್ತದೆ, ಬೆವರಿಗೂ ಬೇಗ ಹಾಳಾಗುವುದಿಲ್ಲ.

ಬಿರಡೆ_ಕುದುರೆ
ಲೆಕ್ಕ ಸರಿ. ಆದರೆ ಜಿ ಶ್ರುತಿಯ ಮಾತು ಬಿಟ್ಟುಹೋಗಿದೆ. ಡಿ ಶಾರ್ಪ್‌ನಿಂದ ಜಿಗೆ ಏರಿಸಿದರೆ ನಾಲ್ಕೂ ತಂತಿಗಳ ಬಿಗಿ ಒಮ್ಮೆಗೇ ಶೇ 59 ಹೆಚ್ಚುತ್ತದೆ. ಸ್ಟೀಲ್ ಬೇಗ ನಿಲ್ಲುತ್ತದೆ. ಪರ್ಲಾನ್ ಹಿಗ್ಗುತ್ತಲೇ ಇದ್ದು, ಕಛೇರಿಯ ಮೊದಲ ಕೃತಿ ಮುಗಿಯುವಷ್ಟರಲ್ಲಿ ಶ್ರುತಿ ಇಳಿದಿರುತ್ತದೆ. ಸಂಜೆ ಕಛೇರಿಯಿದ್ದರೆ ಹಿಂದಿನ ರಾತ್ರಿಯೇ ಜಿಗೆ ಏರಿಸಿಡಿ. ತಿಂಗಳಿಗೆ ಎರಡು ಮೂರು ಸಲ ಬದಲಿಸುವವರಾದರೆ ಒಂದೇ ಪಿಟೀಲಿಗೆ ಸಿಂಥೆಟಿಕ್ ಬೇಡ ಎಂದೇ ಹೇಳುತ್ತೇನೆ. ಹೆಲಿಕೋರ್‌ನಂಥ ಹೊಸೆದ ಸ್ಟೀಲ್ ಎಳೆಯ ತಂತಿ ಹಾಕಿ. ಪ್ರೆಲ್ಯೂಡ್‌ನ ಗಟ್ಟಿ ಕಂಬಿಗಿಂತ ಅದು ಮೃದು.

ಸಿಂಥೆಟಿಕ್ಕೇ ಹಾಕುವುದಾದರೆ ಮೊದಲು ನಟ್ (ಬಿರಡೆಗಳ ಬಳಿ ತಂತಿ ಹಾಯುವ ಪಟ್ಟಿ) ಮತ್ತು ಕುದುರೆಯ ಗೀರು ನೋಡಿ. ಸ್ಟೀಲಿಗೆ ಕೊರೆದ ಗೀರು ಕಿರಿದು, ಹೊಸ ತಂತಿ ದಪ್ಪ. ಸಿಕ್ಕಿಹಾಕಿಕೊಂಡರೆ ಬಿರಡೆ ತಿರುಗಿಸುವಾಗ ಟಿಕ್ ಟಿಕ್ ಎಂದು ಜಿಗಿಯುತ್ತದೆ, ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮೇಲಿನ ಸುತ್ತು ಬಿರಿಯುತ್ತದೆ. ಗೀರಿನ ತಳ ದುಂಡಗಿರಬೇಕು, ತಂತಿಯ ಮೂರನೇ ಒಂದು ಭಾಗ ಮಾತ್ರ ಒಳಗೆ ಕೂರಬೇಕು. ದುಂಡು ಅರದಿಂದ ಹಿಗ್ಗಿಸಿ, 2ಬಿ ಪೆನ್ಸಿಲ್ ತಿಕ್ಕಿ. ಸಡಿಲ ತಂತಿ ಅಗಲವಾಗಿ ಅದುರುತ್ತದೆ. ಫಿಂಗರ್‌ಬೋರ್ಡಿನ ತುದಿಯಲ್ಲಿ ಮೊದಲನೇ ತಂತಿಗೆ 3.5, ನಾಲ್ಕನೆಯದಕ್ಕೆ 5.5 ಮಿ.ಮೀ. ಎತ್ತರ ಇಲ್ಲದಿದ್ದರೆ ಗರಗರ ಸದ್ದು ತಪ್ಪದು.

ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ, ಒಳಗೆ ನಿಲ್ಲಿಸಿರುವ ಮರದ ಕಡ್ಡಿ (ಸೌಂಡ್ ಪೋಸ್ಟ್) ಬೀಳಬಹುದು. ಒಂದು ಬಿಚ್ಚಿ, ಹೊಸದು ಹಾಕಿ, ಶ್ರುತಿಗೆ ತಂದು, ಮುಂದಿನದು. ಪ್ರತಿ ತಂತಿ ಆದಮೇಲೆ ಪಿಟೀಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿ: ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ಪಟ್ಟಿ) ಕಡೆಯ ಕುದುರೆಯ ಮುಖ ನೆಟ್ಟಗೆ ನಿಂತಿರಬೇಕು. ಬಿರಡೆ ಬಿಗಿಮಾಡಿದಷ್ಟೂ ಅದರ ತಲೆ ಫಿಂಗರ್‌ಬೋರ್ಡಿನತ್ತ ವಾಲುತ್ತದೆ. ಎರಡೂ ಕೈಯ ಹೆಬ್ಬೆರಳು-ತೋರುಬೆರಳಲ್ಲಿ ಮೇಲ್ತುದಿ ಹಿಡಿದು ಹಿಂದಕ್ಕೆ ತನ್ನಿ. ಬಿಟ್ಟರೆ ಕುದುರೆ ಶಾಶ್ವತವಾಗಿ ಬಾಗುತ್ತದೆ.

ಮಂದ್ರಪಂಚಮ
ತುಂಬಾ ಉಪಯೋಗವಾಯಿತು. ಜಿ ಶ್ರುತಿಯ ಕಛೇರಿ ವರ್ಷಕ್ಕೆ ನಾಲ್ಕೈದು ಅಷ್ಟೇ, ಹಾಗಾಗಿ ಡಾಮಿನೆಂಟ್ ಸ್ಟ್ರಾಂಗ್. ಟೇಲ್‌ಪೀಸಿನಲ್ಲೇ ಕೂಡಿಸಿದ ನಾಲ್ಕು ಫೈನ್ ಟ್ಯೂನರ್ (ಶ್ರುತಿಯನ್ನು ಚೂರುಚೂರೇ ಸರಿಪಡಿಸುವ ತಿರುಪು) ಇವೆ, ಇರಲೇ?

ಸಾರಣೆ
ಇರಲಿ. ಬೇರೆಯಾಗಿ ಕೊಂಡು ಸಿಕ್ಕಿಸುವ ಲೋಹದವು ಕುದುರೆಯ ಹಿಂದಿನ ತಂತಿಯುದ್ದವನ್ನು ಕಡಿಮೆ ಮಾಡಿ ನಾದ ಕಟ್ಟುತ್ತವೆ, ಅವು ಬೇಡ. ಪರ್ಲಾನ್ ಹಿಗ್ಗುವ ವಸ್ತುವಾದ್ದರಿಂದ ಸ್ಟೀಲಿಗೆ ಆದಷ್ಟು ಕೆಲಸ ಟ್ಯೂನರಿನಿಂದ ಆಗುವುದಿಲ್ಲ, ಬಿರಡೆಯೇ ಚೆನ್ನಾಗಿ ತಿರುಗಬೇಕು.

ಮೊದಲ ಮೂರ್ನಾಲ್ಕು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ಬೇಗ ನಿಲ್ಲಲೆಂದು ಮೇಲಿನ ಸ್ವರಕ್ಕೆ ಎಳೆದಿಡಬೇಡಿ. ಇಳಿದಾಗಲೆಲ್ಲ ಡಿ ಶಾರ್ಪ್‌ಗೇ ತನ್ನಿ.

ಎಣ್ಣೆ ಮಾತ್ರ ದಯವಿಟ್ಟು ನಿಲ್ಲಿಸಿ. ಸುತ್ತಿನ ಸಂದಿಯಿಂದ ಒಳಗಿಳಿದು, ಕಮಾನಿಗೆ ಹಚ್ಚುವ ರೋಸಿನ್ ಪುಡಿಯೊಂದಿಗೆ ಸೇರಿ ಅಂಟಾಗುತ್ತದೆ, ತಂತಿ ಮಂಕಾಗುತ್ತದೆ. ಜಾರುಗಮಕಕ್ಕೆ ತೊಂದರೆಯಾದರೆ ಚೂರು ಟಾಲ್ಕಂ ಪೌಡರ್ ಸಾಕು. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್ ಬೇಡ, ಒಂದು ಹನಿ ಬಿದ್ದರೂ ವಾರ್ನಿಷ್ ಏಳುತ್ತದೆ.

ಯಾವಾಗ ಬದಲಿಸಬೇಕೆಂದು ತಿಳಿಯಲು ಮೂರು ಮತ್ತು ನಾಲ್ಕನೇ ತಂತಿಗಳನ್ನು ಚೊಕ್ಕವಾಗಿ ಸ-ಪ ಕೂಡಿಸಿ, ಒಂದೇ ಬೆರಳು ಅಡ್ಡ ಇಟ್ಟು ಎರಡನ್ನೂ ಒಟ್ಟಿಗೆ ನುಡಿಸಿ. ಬಿಡಿ ತಂತಿ ಕೂಡಿ, ಬೆರಳಿಟ್ಟಾಗ ಕೂಡದಿದ್ದರೆ ಎರಡರಲ್ಲೊಂದು ಸವೆದಿದೆ. ಉಳಿದ ಜೋಡಿಗಳಿಗೂ ಇದೇ ಪರೀಕ್ಷೆ.

ಇನ್ನು ಮೊದಲನೇ ತಂತಿ. ಡಾಮಿನೆಂಟ್ ಸೆಟ್‌ನಲ್ಲೂ ಅದು ಸ್ಟೀಲೇ. ಅದರ ಬದಲು ಗೋಲ್ಡ್‌ಬ್ರೋಕಾಟ್ ಎಂಬ ಸ್ಟೀಲ್ ತಂತಿಯನ್ನು ಬಿಡಿಯಾಗಿ ತರಿಸಿ, 0.26 ಅಲ್ಲ, 0.27 ಮಿ.ಮೀ. ದಪ್ಪದ್ದು. ಅಷ್ಟರಿಂದಲೇ ಬಿಗಿ ಸುಮಾರು ಶೇ 8 ಹೆಚ್ಚುತ್ತದೆ. ತುದಿ ಗುಂಡಿನದೋ ಕುಣಿಕೆಯದೋ ಎಂಬುದನ್ನು ನಿಮ್ಮ ಟ್ಯೂನರಿನ ಕೊಕ್ಕೆ ನೋಡಿಯೇ ಆರ್ಡರ್ ಮಾಡಿ.